ಬಾಹ್ಯಾಕಾಶದ ದುಡ್ಡು ಬೆಂಗಳೂರಿಗೆ ಬಂದ ದಾರಿ

ಬೆಂಗಳೂರಿನ ನ್ಯೂ ಬಿಇಎಲ್ ರಸ್ತೆಯಲ್ಲಿ ಹೋದವರಿಗೆ ಅಂತರಿಕ್ಷ ಭವನ ಗೊತ್ತು. ಎಲ್ಲರೂ ಅದನ್ನು ಇಸ್ರೋ ಆಫೀಸು ಅಂತಲೇ ಕರೆಯುತ್ತಾರೆ. ಆದರೆ ಅಲ್ಲಿ ಕೇಂದ್ರ ಸರ್ಕಾರದ ಒಂದು ಇಡೀ ಇಲಾಖೆಯೂ ಇದೆ, ಬಾಹ್ಯಾಕಾಶ ಇಲಾಖೆ. ಗೃಹ, ಹಣಕಾಸು, ಕೃಷಿ ಇಲಾಖೆಗಳ ಕಾರ್ಯದರ್ಶಿಗಳೆಲ್ಲ ದೆಹಲಿಯಲ್ಲಿ ಕೂತರೆ ಇದರ ಕಾರ್ಯದರ್ಶಿ ಕೂರುವುದು ಬೆಂಗಳೂರಿನಲ್ಲಿ. ಇದೇ ಥರ ದೆಹಲಿಯ ಹೊರಗಿರುವ ಇನ್ನೊಂದು ಇಲಾಖೆ ಅಂದರೆ ಮುಂಬೈಯ ಅಣುಶಕ್ತಿ ಇಲಾಖೆ. ಇದು ಹೀಗೆ ಯಾಕಾಯಿತು ಅಂತ ನೋಡುತ್ತಾ ಹೋದರೆ, ಈ ದೇಶದಲ್ಲಿ ಬಾಹ್ಯಾಕಾಶ ಸಂಶೋಧನೆಗೆ ದುಡ್ಡು ಹೇಗೆ ಬಂತು, ಯಾರು ಹಂಚಿದರು, ಯಾರ ಪಾಲಿಗೆ ಕಡಿಮೆ ಬಿತ್ತು ಅನ್ನೋದೆಲ್ಲ ತಿಳಿಯುತ್ತದೆ.

ಎರಡನೇ ಮಹಾಯುದ್ಧದ ಸಮಯ. ಹೋಮಿ ಭಾಭಾ, ವಿಕ್ರಮ್ ಸಾರಾಭಾಯಿ ಇಬ್ಬರೂ ಕೇಂಬ್ರಿಡ್ಜ್‌ನಲ್ಲಿ ಓದಿದವರು. ಯುದ್ಧದಿಂದಾಗಿ ಇಲ್ಲೇ ಉಳಿದು, ಸಿ.ವಿ. ರಾಮನ್ ಇದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಜನ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಜಾಗಕ್ಕೆ ಬಂದರು. ಇಬ್ಬರ ವಿಷಯವೂ ಒಂದೇ, ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು. ಮುಂದೆ ದೇಶದ ಬಾಹ್ಯಾಕಾಶ ಕೆಲಸಕ್ಕೆ ದಾರಿ ಮಾಡಿದವರು ಇವರೇ.

ಆಗ ಸರ್ಕಾರದ ದುಡ್ಡು ಅಂತ ಹೇಳಿಕೊಳ್ಳುವಷ್ಟು ಏನೂ ಇರಲಿಲ್ಲ. ಸಾರಾಭಾಯಿ 1947ರಲ್ಲಿ ಅಹಮದಾಬಾದಿನಲ್ಲಿ ಭೌತಿಕ ಸಂಶೋಧನಾ ಪ್ರಯೋಗಾಲಯ ಶುರು ಮಾಡಿದ್ದು ಮನೆತನದ ಟ್ರಸ್ಟ್ ನೆರವಿನಿಂದ. ಅಣುಶಕ್ತಿ ಇಲಾಖೆಯ ಹಣ ಆಮೇಲೆ ಬಂತು. 1962ರಲ್ಲಿ ಬಾಹ್ಯಾಕಾಶ ಸಂಶೋಧನೆಗೆ ಇನ್‌ಕೋಸ್ಪಾರ್ ಎಂಬ ರಾಷ್ಟ್ರೀಯ ಸಮಿತಿ ಮಾಡಿದಾಗಲೂ ಅದನ್ನು ಇಟ್ಟಿದ್ದು ಅಣುಶಕ್ತಿ ಇಲಾಖೆಯ ಕೆಳಗೆ. ಆ ಇಲಾಖೆಯ ಮುಖ್ಯಸ್ಥ ಭಾಭಾ ಅವರ ಮೇಲೆ ನೆಹರೂಗೆ ಪೂರ್ತಿ ನಂಬಿಕೆ ಇತ್ತು, ಹೊಸ ಕೆಲಸಕ್ಕೆ ಹಣ ಹುಟ್ಟುವ ಜಾಗ ಅದೇ ಆಗಿತ್ತು.

1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿತಲ್ಲ, ಆ ರಾಕೆಟ್ ಅಮೆರಿಕದ್ದು. ಅದರಲ್ಲಿದ್ದ ಸೋಡಿಯಂ ಆವಿಯ ಉಪಕರಣ ಫ್ರಾನ್ಸಿನದು. ಜಾಗ ನಮ್ಮದು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಆ ಊರಿನ ಹತ್ತಿರವೇ ಹಾದುಹೋಗುವುದರಿಂದ ಬೇರೆ ದೇಶದವರಿಗೂ ಅಲ್ಲಿಂದ ರಾಕೆಟ್ ಹಾರಿಸುವ ಆಸೆ ಇತ್ತು. ಕೈಯಲ್ಲಿ ದುಡ್ಡಿಲ್ಲದ ದೇಶವೊಂದು ತನ್ನ ಭೂಗೋಳವನ್ನೇ ಬಂಡವಾಳ ಮಾಡಿಕೊಂಡಿತು ಅಂತ ನನಗೆ ಅನಿಸುತ್ತದೆ.

ಭಾಭಾ 1966ರ ಜನವರಿಯಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅಣುಶಕ್ತಿಯ ಹೊಣೆಯೂ ಸಾರಾಭಾಯಿ ಹೆಗಲಿಗೆ ಬಂತು. 1969ರ ಆಗಸ್ಟ್ 15ರಂದು ಇಸ್ರೋ ಹುಟ್ಟಿತು, ಆದರೂ ಅಣುಶಕ್ತಿ ಇಲಾಖೆಯ ಮನೆಯೊಳಗೇ. 1971ರ ಡಿಸೆಂಬರ್ 30ರಂದು ಸಾರಾಭಾಯಿಯೂ ಹೋಗಿಬಿಟ್ಟರು. ವಯಸ್ಸು ಬರೀ 52.

ಇಲ್ಲಿಂದ ಮುಂದಿನದ್ದು ನನ್ನ ಪ್ರಕಾರ ಈ ಇತಿಹಾಸದ ಮುಖ್ಯ ತಿರುವು. ಇಸ್ರೋ ನಡೆಸಲು ಇಂದಿರಾ ಗಾಂಧಿ ಕರೆದದ್ದು ಸತೀಶ್ ಧವನ್ ಅವರನ್ನು. ಅವರಾಗ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರು, ರಜೆಯ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಪಾಠ ಮಾಡುತ್ತಿದ್ದರು. ಒಪ್ಪಿಕೊಳ್ಳುವ ಮೊದಲು ಷರತ್ತು ಹಾಕಿದರು. ಸಂಸ್ಥೆಯ ನಿರ್ದೇಶಕನಾಗಿ ಮುಂದುವರಿಯುತ್ತೇನೆ, ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರಬೇಕು. ಪ್ರಧಾನಿ ಒಪ್ಪಿದರು. ಧವನ್ ವಾಪಸ್ ಬರುವ ತನಕ ಭೌತವಿಜ್ಞಾನಿ ಎಂ.ಜಿ.ಕೆ. ಮೆನನ್ ಕೆಲವು ತಿಂಗಳು ಇಸ್ರೋ ನೋಡಿಕೊಂಡರು.

1972ರ ಜೂನ್‌ನಲ್ಲಿ ಬಾಹ್ಯಾಕಾಶ ಆಯೋಗ, ಬಾಹ್ಯಾಕಾಶ ಇಲಾಖೆ ಎರಡೂ ಬಂದವು. ಆಯೋಗ ನೀತಿ ಮಾಡುತ್ತದೆ, ಇಲಾಖೆ ಹಣ ಮತ್ತು ಆಡಳಿತ ನೋಡುತ್ತದೆ, ಇಸ್ರೋ ಕೆಲಸ ಮಾಡುತ್ತದೆ. ಮೂರಕ್ಕೂ ತಲೆ ಒಬ್ಬರೇ, ಅದೂ ವಿಜ್ಞಾನಿ ಅಥವಾ ಎಂಜಿನಿಯರ್. ಇಲಾಖೆ ನೇರವಾಗಿ ಪ್ರಧಾನಿಯ ಕೈಕೆಳಗೆ. ಹಣಕಾಸು ನೋಡುವ ಒಬ್ಬ ಸದಸ್ಯರೂ ಆಯೋಗದೊಳಗೇ ಇರುತ್ತಾರೆ. ಕೇಳಲಿಕ್ಕೆ ಇದು ಸುಮ್ನೆ ಆಫೀಸಿನ ವ್ಯವಸ್ಥೆ ಅನಿಸಬಹುದು. ಆದರೆ ಸರ್ಕಾರಿ ಕಡತ ಹೇಗೆ ಓಡಾಡುತ್ತದೆ ಅಂತ ಕಂಡವರಿಗೆ ಇದರ ಬೆಲೆ ಗೊತ್ತು. ಬೇರೆ ಕಡೆ ವಿಜ್ಞಾನಿ ಬರೆದದ್ದನ್ನು ವಿಷಯ ಗೊತ್ತಿಲ್ಲದ ನಾಲ್ಕು ಮೇಜು ಓದಿ, ನಾಲ್ಕು ಪ್ರಶ್ನೆ ಹಾಕಿ ವಾಪಸ್ ಕಳಿಸುತ್ತವೆ. ಇಲ್ಲಿ ರಾಕೆಟ್ ಬಗ್ಗೆ ಗೊತ್ತಿರುವವರೇ ರಾಕೆಟ್ಟಿಗೆ ದುಡ್ಡು ಕೇಳುವ ಕಾಗದಕ್ಕೆ ಸಹಿ ಹಾಕುತ್ತಾರೆ. ರಾಕೆಟ್ ಸಮುದ್ರಕ್ಕೆ ಬಿದ್ದಾಗಲೂ ಕಾರ್ಯಕ್ರಮ ನಿಲ್ಲಲಿಲ್ಲ. 1979ರಲ್ಲಿ ಎಸ್‌ಎಲ್‌ವಿ-3 ವಿಫಲವಾಯಿತು, 1980ರ ಜುಲೈನಲ್ಲಿ ಗೆದ್ದಿತು. ನಡುವೆ ಒಂದು ವರ್ಷವೂ ಇಲ್ಲ.

ಬೆಂಗಳೂರಿಗೆ ಬಂದ ದುಡ್ಡು ಮೊದಲು ಕಂಡದ್ದು ಪೀಣ್ಯದಲ್ಲಿ. ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್ ಮತ್ತು ಅವರ ಹುಡುಗರು ಕೈಗಾರಿಕಾ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ಕಟ್ಟಿದರು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಮೇಲೆ ಒಯ್ಯಿತು. ಅದೇ ವರ್ಷ ಆಗಸ್ಟ್‌ನಿಂದ ಒಂದು ವರ್ಷ, ನಾಸಾದ ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತೋರಿಸಿದರು. ನಮ್ಮ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬಡ ದೇಶಕ್ಕೆ ಇದೆಲ್ಲ ಯಾಕೆ ಅನ್ನುವ ಪ್ರಶ್ನೆಗೆ ಆಗ ಸಿಕ್ಕ ಉತ್ತರ ಅದು.

ಇನ್ಸಾಟ್ ಎಂಬ ಸಂಪರ್ಕ ಉಪಗ್ರಹಗಳು ಬಂದಾಗ ಇಲಾಖೆಗಳ ನಡುವಿನ ಹೊಂದಾಣಿಕೆ ನಿಜವಾಗಿ ಪರೀಕ್ಷೆಗೆ ಬಿತ್ತು. ಟೆಲಿಫೋನಿನವರಿಗೆ ಲೈನುಗಳು ಬೇಕು, ಹವಾಮಾನದವರಿಗೆ ಮೋಡ ನೋಡುವ ಕ್ಯಾಮೆರಾ ಬೇಕು, ಆಕಾಶವಾಣಿ ಮತ್ತು ದೂರದರ್ಶನಕ್ಕೆ ಪ್ರಸಾರ ಬೇಕು. ಎಲ್ಲವೂ ಒಂದೇ ಉಪಗ್ರಹದಲ್ಲಿ. ಇವರನ್ನೆಲ್ಲ ಒಂದೇ ಮೇಜಿಗೆ ಕೂರಿಸಲು ಇನ್ಸಾಟ್ ಸಮನ್ವಯ ಸಮಿತಿ ಮಾಡಿದರು. ಉಪಗ್ರಹ ಕಟ್ಟಿದ್ದು ಅಮೆರಿಕದ ಕಂಪನಿ, ಕಣ್ಣಿಟ್ಟು ನಡೆಸಿದ್ದು ಹಾಸನದ ಕೇಂದ್ರ. 1982ರಲ್ಲಿ ಹೋದ ಮೊದಲನೆಯದು ಕೆಲವೇ ತಿಂಗಳಲ್ಲಿ ಕೆಟ್ಟಿತು, 1983ರ ಇನ್ಸಾಟ್-1ಬಿ ಮನೆಮನೆಗೆ ಟಿವಿ ತಂದಿತು. ಬಳಸುವ ಇಲಾಖೆಗಳನ್ನು ಮೊದಲೇ ಒಳಗೆ ಸೇರಿಸಿಕೊಂಡಿದ್ದರಿಂದ, ಮುಂದೆ ದುಡ್ಡು ಕೇಳುವಾಗ ಇಸ್ರೋ ಒಂಟಿಯಾಗಿರಲಿಲ್ಲ. ಇದು ತುಂಬಾ ಜಾಣ ಕೆಲಸ.

ಆದರೆ ಶುದ್ಧ ವಿಜ್ಞಾನಕ್ಕೆ ಅಂಥ ಬಳಕೆದಾರ ಇಲಾಖೆ ಯಾವುದೂ ಇಲ್ಲ, ಅಲ್ವಾ? ಸೂರ್ಯನ ಕರೋನಾ, ಅಂದರೆ ಅದರ ಹೊರ ವಾತಾವರಣ, ನೋಡಬೇಕು ಅಂತ ಯಾವ ಸಚಿವಾಲಯವೂ ಕೇಳುವುದಿಲ್ಲ. ಕೇಳುವವರು ಸಂಶೋಧಕರು, ಮತ್ತು ಅವರು ಬೇರೆ ಬೇರೆ ಮನೆಗಳಲ್ಲಿದ್ದಾರೆ. 2015ರ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ ತೆಗೆದುಕೊಳ್ಳಿ. ಅದಕ್ಕೆ ಉಪಕರಣ ಮಾಡಿದವರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅಣುಶಕ್ತಿ ಇಲಾಖೆಯದು, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯದು, ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾ ವಿಶ್ವವಿದ್ಯಾಲಯ ಅನುದಾನ ಆಯೋಗದ್ದು. ಸಂಬಳ ಒಂದು ಇಲಾಖೆಯದು, ಉಪಗ್ರಹ ಇನ್ನೊಂದರದು. ಇವರ ಪ್ರಸ್ತಾವಗಳನ್ನು ತೂಗಿ ನೋಡಲು ಆಡ್ಕೋಸ್ ಎಂಬ ಸಲಹಾ ಸಮಿತಿ, ವಿಶ್ವವಿದ್ಯಾಲಯಗಳಿಗೆ ಹಣ ಕೊಡಲು ರೆಸ್ಪಾಂಡ್ ಎಂಬ ಯೋಜನೆ ಇವೆ. ಒಳ್ಳೆಯ ಕೆಲಸಗಳು ಆಗಿವೆ. ಸೂರ್ಯನನ್ನು ನೋಡುವ ಆದಿತ್ಯ-ಎಲ್1ರ ಮುಖ್ಯ ಉಪಕರಣ ತಯಾರಾದದ್ದು ಹೊಸಕೋಟೆಯಲ್ಲಿ, ಅದೇ ಎಂ.ಜಿ.ಕೆ. ಮೆನನ್ ಹೆಸರಿನ ಪ್ರಯೋಗಾಲಯದಲ್ಲಿ. 2024ರ ಜನವರಿ 1ರಂದು ಹೋದ ಎಕ್ಸ್-ರೇ ಉಪಗ್ರಹ ಎಕ್ಸ್‌ಪೋಸ್ಯಾಟ್‌ನ ದೊಡ್ಡ ಉಪಕರಣ ರಾಮನ್ ಸಂಶೋಧನಾ ಸಂಸ್ಥೆಯದು. ಆದರೆ ಆದಿತ್ಯದ ಯೋಚನೆ ಹುಟ್ಟಿದ್ದು 2008ರಲ್ಲಿ, ಹಾರಿದ್ದು 2023ರಲ್ಲಿ. ಹದಿನೈದು ವರ್ಷ! ನಡುವೆ ಯೋಜನೆ ಬದಲಾಗಿ ದೊಡ್ಡದಾಯಿತು ನಿಜ, ಆದರೂ ಇಷ್ಟು ಕಾಯುವುದು ಜಾಸ್ತಿಯೇ.

ಈಗ ಬಜೆಟ್ ನೋಡಿ. ಬಾಹ್ಯಾಕಾಶ ಇಲಾಖೆಗೆ 2020-21ರ ಬಜೆಟ್ಟಿನಲ್ಲಿ ಇಟ್ಟದ್ದು 13,479 ಕೋಟಿ ರೂಪಾಯಿ. ಕೊರೊನಾ ವರ್ಷ ಅದು, ಪರಿಷ್ಕರಿಸುವಾಗ 9,500 ಕೋಟಿಗೆ ಇಳಿಯಿತು. 2025-26ಕ್ಕೆ ಇಟ್ಟದ್ದು 13,416 ಕೋಟಿ. ಐದು ವರ್ಷದಲ್ಲಿ ಬೆಲೆಗಳೆಲ್ಲ ಏರಿದವು, ಈ ಅಂಕಿ ಮಾತ್ರ ಅಲ್ಲೇ ನಿಂತಿದೆ. ಚಂದ್ರನ ಮೇಲೆ ಇಳಿದ ಮೇಲೂ. ಅದರಲ್ಲೂ ಬಹುಪಾಲು ರಾಕೆಟ್, ಉಪಗ್ರಹ, ಕೇಂದ್ರಗಳ ಖರ್ಚಿಗೇ ಹೋಗುತ್ತದೆ. ಬಾಹ್ಯಾಕಾಶ ವಿಜ್ಞಾನ ಅಂತ ಬರೆದ ಸಾಲಿನಲ್ಲಿ ಇರುವುದು ಮೂರಂಕಿಯ ಕೋಟಿಗಳು. ಈ ಸಾಲು ಹಿಗ್ಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

2019ರಿಂದ ಈಚೆಗೆ ವ್ಯವಸ್ಥೆಯೂ ಬದಲಾಗುತ್ತಿದೆ. ಖಾಸಗಿಯವರಿಗೆ ಅನುಮತಿ ಕೊಡಲು ಇನ್‌ಸ್ಪೇಸ್ ಎಂಬ ಸಂಸ್ಥೆ, ವ್ಯಾಪಾರಕ್ಕೆ ಎನ್‌ಎಸ್‌ಐಎಲ್ ಎಂಬ ಸರ್ಕಾರಿ ಕಂಪನಿ ಬಂದಿವೆ. 2023ರ ನೀತಿಯ ಪ್ರಕಾರ ಇಸ್ರೋ ದಿನನಿತ್ಯದ ತಯಾರಿಕೆ ಬಿಟ್ಟು ಸಂಶೋಧನೆಯ ಕಡೆ ಹೊರಳಬೇಕು. ಒಳ್ಳೆಯ ಮಾತು. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಸಂಪುಟ ಒಂದೇ ದಿನ ಒಪ್ಪಿದ ಮೊತ್ತಗಳಲ್ಲಿ ಮನುಷ್ಯರನ್ನು ಕಳಿಸುವ ಗಗನಯಾನಕ್ಕೆ ಒಟ್ಟು 20,193 ಕೋಟಿ, ಹೊಸ ರಾಕೆಟ್ಟಿಗೆ 8,240 ಕೋಟಿ, ಚಂದ್ರಯಾನ-4ಕ್ಕೆ 2,104 ಕೋಟಿ, ಶುಕ್ರಯಾನಕ್ಕೆ 1,236 ಕೋಟಿ. ಮನುಷ್ಯರನ್ನು ಕಳಿಸುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಒಂದೇ ಹುಂಡಿಯಿಂದ ಇಷ್ಟೆಲ್ಲ ಹೊರಬರುವಾಗ ಸಣ್ಣ ಉಪಕರಣಗಳ ಸರದಿ ಹಿಂದೆ ಬೀಳುತ್ತದೆ ಅನ್ನೋದೇ ಆತಂಕ.

ಶುಕ್ರ ಗ್ರಹಕ್ಕೆ ಯಾವ ಉಪಕರಣ ಕಳಿಸೋಣ ಅಂತ ಇಸ್ರೋ ವಿಜ್ಞಾನಿಗಳನ್ನು ಕೇಳಿದ್ದು 2017ರಲ್ಲಿ. ಹಣ ಮಂಜೂರಾದದ್ದು ಏಳು ವರ್ಷದ ಮೇಲೆ. ಹೊರಡುವ ಗುರಿ 2028ರ ಮಾರ್ಚ್. 2017ರಲ್ಲಿ ಆ ಪ್ರಸ್ತಾವ ಬರೆಯಲು ಕೂತ ಪಿಎಚ್‌ಡಿ ವಿದ್ಯಾರ್ಥಿಗೆ ಫೆಲೋಶಿಪ್ ಸಿಗುವುದು ಹೆಚ್ಚೆಂದರೆ ಐದು ವರ್ಷ.