ಹನ್ನೆರಡು ಎಲೆಕ್ಟ್ರಾನ್‌ಗಳ ತಕರಾರು

ನೀರಿನಿಂದ ಕಾರು ಓಡಿಸುತ್ತೇನೆ ಎನ್ನುವವರು ಆಗಾಗ ಹುಟ್ಟಿಕೊಳ್ಳುತ್ತಾರೆ. ಅವರನ್ನು ನಂಬುವವರೂ ಸಿಗುತ್ತಾರೆ! ನೀರು ಇಂಧನವೇ ಅಲ್ಲ. ಹೈಡ್ರೋಜನ್ ಉರಿದ ಮೇಲೆ ಉಳಿಯುವ ಬೂದಿ ಅದು. ಕಾರ್ಬನ್ ಡೈಆಕ್ಸೈಡ್ ಕೂಡ ಬೂದಿಯೇ. ಎರಡನ್ನೂ ಸೇರಿಸಿ ಮತ್ತೆ ಸೌದೆ, ಅಂದರೆ ಇಂಧನ, ಮಾಡಬೇಕಾದರೆ ಹೊರಗಿನಿಂದ ಶಕ್ತಿ ಹಾಕಲೇಬೇಕು. ಎಲೆಗೆ ಆ ಶಕ್ತಿ ಬಿಸಿಲಿನಿಂದ ಸಿಗುತ್ತದೆ. ಎಲೆಯಿಲ್ಲದೆ ಅದೇ ಕೆಲಸ ಮಾಡಿಸಲು, ಅಂದರೆ ‘ಕೃತಕ ಎಲೆ’ ಕಟ್ಟಲು, ಅಮೆರಿಕ ಸರ್ಕಾರ 2010ರಲ್ಲಿ ಜೆಕ್ಯಾಪ್ ಎಂಬ ಕೇಂದ್ರ ತೆರೆಯಿತು. ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ವಿಶ್ವವಿದ್ಯಾಲಯ ಮತ್ತು ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಮುಂದಾಳತ್ವ, ಐದು ವರ್ಷಕ್ಕೆ 12.2 ಕೋಟಿ ಡಾಲರ್‌ವರೆಗೆ ಹಣ.

ಆಸೆ ಮಾತ್ರ ಹಳೆಯದು. ಮರುಭೂಮಿಯಲ್ಲಿ ಹೊಗೆಯಿಲ್ಲದ ಗಾಜಿನ ಕಾರ್ಖಾನೆಗಳು ಬರಬಹುದು ಎಂದು ಇಟಲಿಯ ರಸಾಯನ ವಿಜ್ಞಾನಿ ಜಾಕೊಮೊ ಚಾಮಿಚಾನ್ 1912ರಲ್ಲೇ ಹೇಳಿದ್ದರು. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆದರು. ಮರುವರ್ಷ ತೈಲ ಬಿಕ್ಕಟ್ಟು ಬಂದಾಗ ಈ ಸಂಶೋಧನೆಯ ಮೇಲೆ ಸರ್ಕಾರಗಳಿಗೆ ಪ್ರೀತಿ ಉಕ್ಕಿತು. ಎಣ್ಣೆ ಅಗ್ಗವಾದಾಗ ಪ್ರೀತಿಯೂ ಇಳಿಯಿತು.

ನೀರು ಒಡೆಯುವುದು ಇದ್ದುದರಲ್ಲಿ ಸುಲಭ. 2015ರ ಹೊತ್ತಿಗೆ ಜೆಕ್ಯಾಪ್ ತಂಡ ಬಿದ್ದ ಬಿಸಿಲಿನ ಶಕ್ತಿಯಲ್ಲಿ ಶೇ. 10ರಷ್ಟನ್ನು ಹೈಡ್ರೋಜನ್‌ನಲ್ಲಿ ಹಿಡಿದಿಟ್ಟಿತ್ತು. ಆದರೆ ಅದು ಅನಿಲ. ವಿಮಾನಕ್ಕೆ ದ್ರವ ಬೇಕು, ಅಲ್ವಾ?

ನನಗೆ ಇಷ್ಟವಾದ ಭಾಗ ಇಲ್ಲಿಂದ ಶುರು. ಕಾರ್ಬನ್ ಡೈಆಕ್ಸೈಡ್‌ಗೆ ಎರಡು ಎಲೆಕ್ಟ್ರಾನ್ ಕೊಟ್ಟರೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಆರು ಕೊಟ್ಟರೆ ಮೆಥನಾಲ್. ಎಥನಾಲ್ ಬೇಕೆಂದರೆ ಎರಡು ಅಣುಗಳನ್ನು ಜೋಡಿಸಿ ಹನ್ನೆರಡು ಎಲೆಕ್ಟ್ರಾನ್ ತುಂಬಬೇಕು. ಅಷ್ಟು ಹೊತ್ತು, ನಡುವೆ ಹುಟ್ಟುವ ಆ ಮೊನಾಕ್ಸೈಡ್ ಎಲೆಕ್ಟ್ರಾನ್ ಕೊಡುವ ಲೋಹಕ್ಕೆ ಅಂಟಿಕೊಂಡಿರಬೇಕು. ಚಿನ್ನ, ಬೆಳ್ಳಿ ಅದನ್ನು ಬೇಗ ಬಿಟ್ಟುಬಿಡುತ್ತವೆ. ಪ್ಲಾಟಿನಂ ಹಿಡಿದರೆ ಬಿಡುವುದೇ ಇಲ್ಲ. ತಾಮ್ರದ ಹಿಡಿತ ಮಾತ್ರ ಹದವಾಗಿದೆ. ಇದನ್ನು 1980ರ ದಶಕದಲ್ಲಿ ತೋರಿಸಿದವರು ಜಪಾನಿನ ಯೋಶಿಯೋ ಹೋರಿ.

ಹಾಗಂತ ತಾಮ್ರ ಹೇಳಿದ ಮಾತು ಕೇಳುವುದಿಲ್ಲ. ಮೀಥೇನ್, ಎಥಿಲೀನ್, ಎಥನಾಲ್, ಜೊತೆಗೆ ಹೈಡ್ರೋಜನ್, ಎಲ್ಲವನ್ನೂ ಒಟ್ಟಿಗೆ ಕೊಡುತ್ತದೆ. 2012ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ಎಣಿಸಿದಾಗ ಕಾರ್ಬನ್ ಡೈಆಕ್ಸೈಡ್‌ನಿಂದಲೇ 16 ಬಗೆಯ ವಸ್ತುಗಳು ಸಿಕ್ಕಿದ್ದವು. 2015ರಲ್ಲಿ ಜೆಕ್ಯಾಪ್‌ಗೆ ಮತ್ತೆ ಹಣ ಕೊಟ್ಟಾಗ ಸರ್ಕಾರ ಗುರಿಯನ್ನು ಕಾರ್ಬನ್ ಡೈಆಕ್ಸೈಡ್‌ನಿಂದ ಇಂಧನ ಮಾಡುವ ಕಡೆಗೇ ತಿರುಗಿಸಿತು. 2020ರಲ್ಲಿ ಕ್ಯಾಲ್ಟೆಕ್ ಮತ್ತು ನಾರ್ತ್ ಕರೊಲಿನಾ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ಇದೇ ಕೆಲಸಕ್ಕೆ ಎರಡು ಹೊಸ ಯೋಜನೆಗಳು ಬಂದವು.

ಇಷ್ಟೆಲ್ಲ ಆಗಿ ಬಂದ ಎಥನಾಲ್ ನೀರಿನಲ್ಲಿ ಕರಗಿರುತ್ತದೆ. ಬೇರ್ಪಡಿಸಲು ಮತ್ತೆ ಶಕ್ತಿ ಖರ್ಚು. ‘ಕೃತಕ ಎಲೆ ಸಿದ್ಧ’ ಎಂದು ಸುಮ್ನೆ ತಲೆಬರಹ ಕೊಡುವವರು ಈ ಲೆಕ್ಕ ಹಾಕುವುದೇ ಇಲ್ಲ.