ಎಂಜಿನ್ನಿಗೆ ಜ್ವರ, ಪ್ಲಗ್ಗಿಗೆ ಬರೆ

ಬಳ್ಳಾರಿಯಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ಹೊರಗಿನವರು ನಗುತ್ತಾರೆ. ನಾವೂ ನಗುತ್ತೇವೆ, ನೆರಳು ಹುಡುಕಿ ನಿಂತುಕೊಂಡು. ಈ ಎರಡು ಕಾಲದ ಲೆಕ್ಕವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದದ್ದು ನಮ್ಮ ಸೋದರಮಾವನ ಪದ್ಮಿನಿ. ಡಿಸೆಂಬರಿನಲ್ಲಿ ಹೊಸಪೇಟೆಗೆ ಹೋಗಿಬಂದರೂ ಕೆಮ್ಮದ ಕಾರು, ಏಪ್ರಿಲ್ ಬಂತೆಂದರೆ ಕುಡತಿನಿ ದಾಟುವಷ್ಟರಲ್ಲಿ ಮುಗ್ಗರಿಸುತ್ತಿತ್ತು. ನಿಂತಲ್ಲಿ ಎಂಜಿನ್ ಸಣ್ಣಗೆ, ನೆಟ್ಟಗೆ ಓಡುತ್ತದೆ. ಅದಿರಿನ ಲಾರಿಯನ್ನು ಹಿಂದೆ ಹಾಕೋಣವೆಂದು ಆಕ್ಸಿಲರೇಟರ್ ಒತ್ತಿದರೆ ಮಾತ್ರ ಡಬ್ ಡಬ್ ಎಂದು ಮಿಸ್ ಹೊಡೆಯುತ್ತದೆ.

ಮಾವ ಮೊದಲು ಮಾಡಿದ್ದು ಸಿಲಿಂಡರಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬದಲಾಯಿಸುವ ಕೆಲಸ. ಎರಡನೇ ಸಲವೂ ಅದೇ, ಮೂರನೇ ಸಲವೂ ಅದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಮೆಕ್ಯಾನಿಕ್ಕರ ಲೋಕದಲ್ಲಿ ಆ ಎಮ್ಮೆ ಯಾವಾಗಲೂ ಪ್ಲಗ್ಗೇ, ಕೈಗೆ ಸುಲಭವಾಗಿ ಸಿಗುತ್ತದಲ್ಲ.

ಪ್ಲಗ್ಗಿನ ವಿಚಾರದಲ್ಲಿ ಮಾವನಿಗೊಂದು ಗಟ್ಟಿ ನಂಬಿಕೆಯಿತ್ತು. 'ಕೋಲ್ಡ್' ಪ್ಲಗ್ ಹಾಕಿದರೆ ಎಂಜಿನ್ ತಣ್ಣಗಿರುತ್ತದೆ ಎಂದು. ಹೆಸರು ಹಾಗಿದ್ದರೆ ಯಾರಾದರೂ ಮೋಸ ಹೋಗುವವರೇ. ಪ್ಲಗ್ ಎಂಜಿನ್ನನ್ನು ತಂಪು ಮಾಡುವುದಿಲ್ಲ. ಅದರ ಹೀಟ್ ರೇಂಜ್ ಹೇಳುವುದು ಒಂದೇ ಸಂಗತಿ: ತನ್ನ ತುದಿಯ ಬಿಸಿಯನ್ನು ಅದು ಎಷ್ಟು ಬೇಗ ಸಿಲಿಂಡರ್ ಹೆಡ್ಡಿಗೆ ದಾಟಿಸುತ್ತದೆ ಎಂಬುದು. ಒಳಗಿನ ಪಿಂಗಾಣಿ ಮೂಗು ಉದ್ದವಿದ್ದರೆ ಬಿಸಿ ಹೊರಗೆ ಹೋಗುವ ದಾರಿಯೂ ಉದ್ದ, ಅದು ಹಾಟ್ ಪ್ಲಗ್. ಮೂಗು ಗಿಡ್ಡವಿದ್ದರೆ ಕೋಲ್ಡ್. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮೇಲಿದ್ದರೆ ಮಸಿ ತಾನಾಗಿಯೇ ಸುಟ್ಟುಹೋಗುತ್ತದೆ. 800 ದಾಟಿತೆಂದರೆ ಕಿಡಿ ಬರುವ ಮೊದಲೇ ಆ ಕೆಂಡದಂಥ ತುದಿ ಪೆಟ್ರೋಲಿಗೆ ಬೆಂಕಿ ಹಚ್ಚಬಹುದು. ಇವೆರಡರ ನಡುವೆ ಪ್ಲಗ್ ಬದುಕಬೇಕು. ಬಿಸಿಯ ಬಹುಪಾಲು ಹೊರಹೋಗುವುದು ಚೂಡಿ (ಪ್ಲಗ್ಗಿನ ತಿರುಪಿನ ಸುತ್ತು) ಮತ್ತು ವಾಷರ್ ಮೂಲಕ. ಹಾಗಾಗಿ ಸಡಿಲವಾಗಿ ಕೂತ ಒಳ್ಳೆಯ ಪ್ಲಗ್ಗಿಗಿಂತ ಬಿಗಿಯಾಗಿ ಕೂತ ಸಾಧಾರಣ ಪ್ಲಗ್ ವಾಸಿ.

ನಂಬರಿನ ಗೊಂದಲ ಇನ್ನೂ ದೊಡ್ಡದು. ಎನ್‌ಜಿಕೆ ಕಂಪನಿಯ ಪ್ಲಗ್ಗಿನಲ್ಲಿ ಹೀಟ್ ರೇಂಜಿನ ಅಂಕಿ ಹೆಚ್ಚಾದಷ್ಟು ಕೋಲ್ಡ್. ನಮ್ಮೂರಲ್ಲಿ ಇಂದಿಗೂ ಮೈಕೋ ಎಂದೇ ಕರೆಯುವ ಬಾಷ್ ಪ್ಲಗ್ಗಿನಲ್ಲಿ, ಚಾಂಪಿಯನ್ನಿನಲ್ಲೂ, ಅಂಕಿ ಹೆಚ್ಚಾದಷ್ಟು ಹಾಟ್. ಮಾವ ಎನ್‌ಜಿಕೆ 6 ತೆಗೆದು, ಇನ್ನಷ್ಟು ತಂಪಿರಲಿ ಎಂದು ಬಾಷ್ 8 ಹಾಕಿಸಿದ್ದರು. ಅದು ಹೆಚ್ಚುಕಡಿಮೆ ಎನ್‌ಜಿಕೆ 5ಕ್ಕೆ ಸಮ. ಹೋಗಬೇಕಾದ ಕಡೆಗೆ ಬೆನ್ನು ಹಾಕಿ ಒಂದು ಹೆಜ್ಜೆ ನಡೆದಂತಾಯಿತು. ಇರಿಡಿಯಂ ಲೋಹದ ತುದಿಯಿರುವ ಪ್ಲಗ್ ಹಾಕಿ ಎಂದವರೂ ಇದ್ದರು. ಅದರ ಸಣ್ಣ ತುದಿಯಿಂದ ಕಿಡಿ ಸ್ವಲ್ಪ ಸುಲಭವಾಗಿ ಹಾರುತ್ತದೆ, ನಿಜ. ಆದರೆ 1089 ಸಿಸಿಯ ಈ ಮುದಿ ಎಂಜಿನ್ನಿಗೆ ಅದು ಹರಕು ಪಂಚೆಗೆ ಜರಿ ಅಂಚು. ಕಂಪನಿ ಹೇಳಿದ ಉದ್ದ, ಕಂಪನಿ ಹೇಳಿದ ಹೀಟ್ ರೇಂಜ್, ಕಿಡಿ ಹಾರುವ ಜಾಗದಲ್ಲಿ 0.6 ಮಿ.ಮೀ. ಆಸುಪಾಸಿನ ಗ್ಯಾಪ್ ಇದ್ದರೆ ನನ್ನ ಮಟ್ಟಿಗೆ ಸಾಕು.

ಪ್ಲಗ್ಗಿನ ತಪ್ಪಲ್ಲವಾದರೆ ಮತ್ತೆ ಯಾರದು? ಮೊದಲ ಅನುಮಾನ ಪೆಟ್ರೋಲಿನ ಮೇಲೆ. ಪೆಟ್ರೋಲ್ ಒಂದೇ ದ್ರವವಲ್ಲ, ಅದರ ಹಗುರ ಅಂಶಗಳು 40 ಡಿಗ್ರಿ ಆಸುಪಾಸಿನಲ್ಲೇ ಕುದಿಯಲು ಶುರು ಮಾಡುತ್ತವೆ. ಬಳ್ಳಾರಿಯ ಮೇ ತಿಂಗಳಲ್ಲಿ ಗಾಳಿಯೇ ಅಷ್ಟು ಬಿಸಿ. ಹಳೆಯ ಕಾರಿನ ಪೆಟ್ರೋಲ್ ಪಂಪ್ (ಮೆಕ್ಯಾನಿಕ್ಕರ ಬಾಯಲ್ಲಿ 'ಎಸಿ ಪಂಪ್', ತಂಪು ಮಾಡುವ ಎಸಿ ಅಲ್ಲ) ಎಂಜಿನ್ನಿಗೇ ಅಂಟಿಕೊಂಡಿರುತ್ತದೆ, ಮೇಲಾಗಿ ಅದು ಪೆಟ್ರೋಲನ್ನು ಹೀರುತ್ತದೆ. ಹೀರಿದಾಗ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಕುದಿಯುವುದು ಇನ್ನೂ ಸಲೀಸು. ಪಂಪಿನೊಳಗೆ ಆವಿ ತುಂಬಿಕೊಂಡರೆ ಅದು ಆವಿಯನ್ನೇ ಅದುಮುತ್ತ ಕೂರುತ್ತದೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೋರೇಟರಿಗೆ ಪೆಟ್ರೋಲ್ ಹೋಗುವುದಿಲ್ಲ. ಈಗ ಬಂಕಿನಲ್ಲಿ ಸಿಗುವ 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲಿಗೆ ಪಂಪಿನೊಳಗಿನ ಹಳೆಯ ರಬ್ಬರ್ ಪೊರೆ (ಡಯಾಫ್ರಂ) ಕೂಡ ಸರಿಹೊಂದುವುದಿಲ್ಲ. ಎಥನಾಲಿನಲ್ಲಿ ಆಮ್ಲಜನಕವೂ ಇರುವುದರಿಂದ ಹಳೆಯ ಜೆಟ್ಟಿನಲ್ಲಿ (ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು) ಮಿಶ್ರಣ ತೆಳುವಾಗುತ್ತದೆ. ತೆಳು ಮಿಶ್ರಣಕ್ಕೂ ಮುಗ್ಗರಿಸುವ ಚಾಳಿ ಇದೆ.

ಇದಕ್ಕೆ ಮಾವನ ಬಳಿ ಮದ್ದಿತ್ತು. ಮಿರ್ಚಿ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಒದ್ದೆ ಟವೆಲ್ಲನ್ನು ಪಂಪಿಗೆ ಸುತ್ತಿ, ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿ ಮುಗಿಸುವುದು. ಆವಿಯ ರೋಗವಾಗಿದ್ದರೆ ಟವೆಲ್ಲಿಗೆ ಬಗ್ಗಲೇಬೇಕಿತ್ತು. ಅದು ಹೆಚ್ಚಾಗಿ ಕಾಡುವುದು ಬಿಸಿ ಎಂಜಿನ್ ಆಫ್ ಮಾಡಿ ನಿಲ್ಲಿಸಿದ ಮೇಲೆ. ಫ್ಯಾನ್ ನಿಲ್ಲುತ್ತದೆ, ಬಾನೆಟ್ಟಿನ ಕೆಳಗೆ ಬಿಸಿ ಏರುತ್ತದೆ. ನಮ್ಮದು ಓಡುತ್ತಿರುವಾಗಲೇ ಮಿಸ್ ಆಗುತ್ತಿತ್ತು, ಟವೆಲ್ಲಿಗೂ ಜಗ್ಗಲಿಲ್ಲ.

ಕೊನೆಗೆ ಗ್ಯಾರೇಜಿನ ಮೇಸ್ತ್ರಿ ಒಂದೇ ಮಾತು ಹೇಳಿದ: "ಮಧ್ಯಾಹ್ನ ಎರಡಕ್ಕ ತಗೊಂಬರ್ರಿ ಸಾರ್. ಬೆಳಿಗ್ಗೆ ತಂದ್ರ ರೋಗ ಸಿಗಂಗಿಲ್ಲ."

ಬಿಸಿಯಲ್ಲಿ ಮಾತ್ರ ಕಾಣುವ ರೋಗವನ್ನು ಬಿಸಿಯಲ್ಲೇ ಹಿಡಿಯಬೇಕು. ಎರಡು ಗಂಟೆಗೆ ಆತ ಪ್ಲಗ್ ಬಿಚ್ಚಿ ನೋಡಿದ, ತುದಿ ತಿಳಿ ಕಂದು. ಮಸಿಯಿಲ್ಲ, ಬಿಳುಪೂ ಇಲ್ಲ, ಅಂದರೆ ಪ್ಲಗ್ ಆರೋಗ್ಯವಾಗಿದೆ. ಪ್ಲಗ್ಗನ್ನು ಬ್ಲಾಕಿಗೆ ತಾಗಿಸಿ ಸೆಲ್ಫ್ ಹೊಡೆದರೆ ಕಿಡಿಯೂ ಬಂತು. "ನೋಡು, ಕಿಡಿ ಐತಲ್ಲ" ಎಂದರು ಮಾವ. ಮೇಸ್ತ್ರಿ ಅದು ಸಾಲದೆಂದು ತಲೆಯಾಡಿಸಿದ.

ಇಲ್ಲಿದೆ ಕಣ್ಣು ತಪ್ಪುವ ಜಾಗ. ಬಯಲು ಗಾಳಿಯಲ್ಲಿ ಒಂದು ಮಿ.ಮೀ. ಹಾರಲು ಕಿಡಿಗೆ ಸುಮಾರು 3 ಸಾವಿರ ವೋಲ್ಟ್ ಸಾಕು. ಸಿಲಿಂಡರಿನೊಳಗೆ ಗಾಳಿ ಅದುಮಿ ದಟ್ಟವಾಗಿರುತ್ತದೆ. ದಟ್ಟ ಗಾಳಿಯನ್ನು ಸೀಳಲು ಅದರ ಹಲವು ಪಟ್ಟು ವೋಲ್ಟ್ ಬೇಕು. ನಿಂತಲ್ಲಿ ಓಡುವಾಗ ಥ್ರಾಟಲ್ ಮುಚ್ಚಿರುವುದರಿಂದ ಒಳಗೆ ಬರುವ ಗಾಳಿಯೂ ಕಡಿಮೆ, ಬಡಕಲು ಕಿಡಿಯೂ ಹೇಗೋ ದಾಟುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ತುಂಬುತ್ತದೆ, ಕಿಡಿ ಸೋಲುತ್ತದೆ. ನಿಂತಾಗ ಚೆನ್ನಾಗಿದ್ದು ಒತ್ತಿದಾಗ ಮುಗ್ಗರಿಸುವ ಒಗಟಿಗೆ ನಮ್ಮ ಕಾರಿನಲ್ಲಿ ಉತ್ತರ ಇದೇ.

ಮೇಸ್ತ್ರಿ ಡೆಲ್ಕೊ, ಅಂದರೆ ಒಂದೊಂದು ಪ್ಲಗ್ಗಿಗೂ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದ. ಕರೆಂಟನ್ನು ಜೋಡಿಸಿ ಕಡಿಯುವ ಸಣ್ಣ ಸ್ವಿಚ್ಚು, ಪಾಯಿಂಟ್, ನೀಲಿಗಪ್ಪಾಗಿ ಸುಟ್ಟಿತ್ತು, ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ದಿಬ್ಬ. ದೋಷ ಪಕ್ಕದ ಕಂಡೆನ್ಸರಿನದು. ಬೋರ್ ಪೈಪಿನ ವಾಲ್ವನ್ನು ಫಟ್ಟನೆ ಮುಚ್ಚಿದರೆ ಪೈಪು ಒದೆಯುತ್ತದೆ, ಮೆಲ್ಲಗೆ ಮುಚ್ಚಿದರೆ ಏನೂ ಆಗುವುದಿಲ್ಲ. ಬ್ಯಾಟರಿಯ ವೋಲ್ಟನ್ನು ಕಿಡಿಗೆ ಬೇಕಾದಷ್ಟು ಏರಿಸುವ ಕಾಯಿಲ್‌ನ ಕೆಲಸವೂ ಹಾಗೆಯೇ. ಪಾಯಿಂಟ್ ತೆರೆದಾಗ ಕರೆಂಟು ಫಟ್ಟನೆ ನಿಂತರೆ ಮಾತ್ರ 12 ವೋಲ್ಟಿನಿಂದ ಸಾವಿರಾರು ವೋಲ್ಟಿನ ಒದೆ ಹುಟ್ಟುತ್ತದೆ. ಆ 'ಫಟ್' ಕಂಡೆನ್ಸರಿನ ಹೊಣೆ. ಅದಿಲ್ಲದಿದ್ದರೆ ತೆರೆದ ಪಾಯಿಂಟಿನ ನಡುವೆಯೇ ಕರೆಂಟು ಕಿಡಿಯಾಗಿ ಜಿಗಿದು, ಎಳೆದೆಳೆದು ನಿಲ್ಲುತ್ತದೆ. ಒಳಗಿನ ನಿರೋಧಕ ಪದರ ಹಳತಾಗಿದ್ದರೆ ತಣ್ಣಗಿರುವಾಗ ತಡೆದುಕೊಂಡು, ಕಾದ ಮೇಲೆ ಸೋರತೊಡಗುತ್ತದೆ. ಇಂಥ ಸೋರಿಕೆ ಕಾಯಿಲ್‌ನಲ್ಲೂ ಆಗಬಹುದು. ಹಾಗಾಗಿ ಮೇಸ್ತ್ರಿ ಎಲ್ಲವನ್ನೂ ಒಮ್ಮೆಗೇ ಬದಲಾಯಿಸಲಿಲ್ಲ. ಕಿರುಬೆರಳಿನಷ್ಟು ಉದ್ದದ ಹೊಸ ಕಂಡೆನ್ಸರ್, ಅದರ ಜೊತೆ ಹೊಸ ಪಾಯಿಂಟ್. ಹಳೆಯ ಕಾಯಿಲ್ ಹಾಗೇ ಇತ್ತು.

ಅದೇ ಸುಡುಬಿಸಿಲಲ್ಲಿ ತೋರಣಗಲ್ಲಿನವರೆಗೆ ಹೋಗಿಬಂದೆವು. ಕುಡತಿನಿ ಬಂದಾಗ ಮಾವ ಅಭ್ಯಾಸಬಲದಿಂದ ಮಿರ್ಚಿ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಟವೆಲ್ ತೆಗೆದರು. ಅದರಲ್ಲಿ ಮುಖ ಒರೆಸಿಕೊಂಡು, ಎರಡು ಪ್ಲೇಟ್ ಹೇಳಿದರು. ಮೂರು ಸೆಟ್ ಪ್ಲಗ್, ಒಟ್ಟು ಹನ್ನೆರಡು, ಈಗಲೂ ಡಿಕ್ಕಿಯಲ್ಲಿ ಬಿಸ್ಕತ್ತಿನ ಡಬ್ಬಿಯೊಳಗೆ ಕುಲುಕಾಡುತ್ತವೆ.