ನೀರು ಹಾಕಿದ ಕುಂಡವೇ ಅಳಿಲಿಗೆ ಸುಳಿವು

ಮುಂಗಾರು ಕಾಲಿಡುವ ಹೊತ್ತಿಗೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಮಾಳಿಗೆಗಳ ಮೇಲೆ ಕುಂಡಗಳು ಸಾಲುಗಟ್ಟುತ್ತವೆ. ಹೀರೆ, ಚವಳಿ, ಅವರೆ, ಸೌತೆ ಬೀಜಗಳನ್ನು ಸಂಜೆ ಊರಿ, ನೀರು ಚಿಮುಕಿಸಿ ಮಲಗಿದವರು ಮರುದಿನ ಬಿಸಿಲೇರುವಷ್ಟರಲ್ಲಿ ನೋಡಿದರೆ, ಬೆರಳಿನಿಂದ ಬೀಜ ಒತ್ತಿದ ಜಾಗದಲ್ಲೇ, ಅತ್ತಿತ್ತ ಒಂದಿಂಚೂ ತಪ್ಪದೆ, ಪುಟ್ಟ ಗುಂಡಿಗಳು ಕಾಣುತ್ತವೆ. ಅಳಿಲಿನ ಕಾಟಕ್ಕೆ ಅಕ್ಕಪಕ್ಕದವರ ಬಳಿ ಪರಿಹಾರಗಳಿಗೆ ಬರವಿಲ್ಲ: ನುಸಿಗುಳಿಗೆ ಹಾಕಿ, ಹಳೆಯ ಸಿ.ಡಿ. ತೂಗುಹಾಕಿ, ರಬ್ಬರ್ ಹಾವು ಇಡಿ, ಮೆಣಸಿನಪುಡಿ ಉದುರಿಸಿ, ಕ್ಷೌರದಂಗಡಿಯಿಂದ ಕೂದಲು ತಂದು ಹರಡಿ. ಮಣ್ಣಿನೊಳಗೆ ಹುದುಗಿದ್ದ ಬೀಜ ಎಲ್ಲಿದೆಯೆಂದು ಆ ಪ್ರಾಣಿಗೆ ತಿಳಿದದ್ದಾದರೂ ಹೇಗೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದಕ್ಕೆ ಉತ್ತರ ಸಿಕ್ಕರೆ ಈ ಸಲಹೆಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಉದುರಿಹೋಗುತ್ತವೆ.

ಕಳ್ಳ ಅಳಿಲೇ ಎಂಬುದು ಮೊದಲು ಖಾತ್ರಿಯಾಗಬೇಕು. ನಮ್ಮ ಕಡೆ ಇಣಚಿ ಎಂದೂ ಕರೆಸಿಕೊಳ್ಳುವ ಈ ಪ್ರಾಣಿ ಹಗಲಿನದು. ಕತ್ತಲಲ್ಲಿ ನಡೆದ ಹಾನಿಯನ್ನು ಅದರ ತಲೆಗೆ ಕಟ್ಟುವಂತಿಲ್ಲ, ಅದು ಇಲಿ ಹೆಗ್ಗಣಗಳ ಕೆಲಸ, ಹಿಕ್ಕೆಯೂ ಅಲ್ಲೇ ಬಿದ್ದಿರುತ್ತದೆ. ಕಾಗೆ, ಗೊರವಂಕಗಳು ಎಳೆಯ ಸಸಿಯನ್ನು ಬುಡಸಮೇತ ಎಳೆದು ಪಕ್ಕದಲ್ಲೇ ಬಿಸಾಡಿಹೋಗುವುದುಂಟು. ಅಳಿಲಿನ ಗುಂಡಿ ಬೇರೆಯೇ: ಓರೆಯಾಗಿ ಇಳಿದ ಕಿರಿದಾದ ತೋಡು, ಒಂದೇ ಬದಿಗೆ ಚೆಲ್ಲಿದ ಮಣ್ಣು, ಕುಂಡದ ಅಂಚಿನ ಮೇಲೆ ಎರಡು ಹೋಳಾಗಿ ಬಿದ್ದ ಬೀಜದ ಸಿಪ್ಪೆ. ಬೀಜ ಆಗಲೇ ಮೊಳೆತಿದ್ದರೆ ಬೇಳೆಯಂತಹ ದಪ್ಪ ಬೀಜದಳಗಳನ್ನಷ್ಟೇ ತಿಂದು, ಬಿಳಿಯ ಬೇರನ್ನು ಮುಟ್ಟದೆ ಬಿಟ್ಟಿರುತ್ತದೆ. ಹೀಗೆ ಬೇರು ಉಳಿಸಿ ದಳ ತಿಂದ ಗುರುತು ಕಂಡರೆ ಬೇರೆ ಸಾಕ್ಷಿ ಬೇಕಿಲ್ಲ.

ಯಾವ ಅಳಿಲು ಎಂಬುದೂ ಮುಖ್ಯ. ಅಂತರ್ಜಾಲದಲ್ಲಿ ಸಿಗುವ ತೋಟಗಾರಿಕೆಯ ಸಲಹೆಗಳಲ್ಲಿ ಬಹಳಷ್ಟು ಉತ್ತರ ಅಮೆರಿಕದ ಬೂದು ಅಳಿಲನ್ನು ಕುರಿತವು. ಅದು ಅರ್ಧ ಕಿಲೋ ತೂಗುವ ಪ್ರಾಣಿ. 1876ರಲ್ಲಿ ಇಂಗ್ಲೆಂಡಿಗೆ ಒಯ್ದು ಬಿಟ್ಟ ಮೇಲೆ ಅಲ್ಲಿಯೂ ಹಬ್ಬಿಕೊಂಡಿತು. ಚಳಿಗಾಲದ ಹಿಮಕ್ಕೆ ಮುಂಚೆ ಕಾಯಿಗಳನ್ನು ನೆಲದಲ್ಲಿ ಒಂದೊಂದಾಗಿ ಹೂತಿಡುವುದು ಅದರ ಬದುಕಿನ ಕ್ರಮ, ಕುಂಡದ ಸಡಿಲ ಮಣ್ಣು ಅದಕ್ಕೆ ಕಣಜ. ನಮ್ಮ ಅಳಿಲಿನ ತೂಕ ನೂರು ಗ್ರಾಮಿನ ಆಚೀಚೆ. ಹಿಮವನ್ನೇ ಕಾಣದ ಸೀಮೆಯಲ್ಲಿ ವರ್ಷವಿಡೀ ಚುರುಕಾಗಿರುವ ಇದು ಕುಂಡಕ್ಕೆ ಬರುವುದು ಹೂತಿಡಲೆಂದಲ್ಲ, ತೆಗೆದು ತಿನ್ನಲೆಂದು. ಬೂದು ಅಳಿಲಿಗೆ ಬರೆದ ಚೀಟಿಯನ್ನು ಇದಕ್ಕೆ ಓದಿ ಹೇಳಿದರೆ ಫಲವೇನು?

ನಮ್ಮದರಲ್ಲಿಯೂ ಎರಡು ಜಾತಿಗಳಿವೆ. ಬೆನ್ನಿನ ಮೇಲೆ ಮೂರು ಗೆರೆಗಳಿರುವುದು ದಕ್ಷಿಣದ್ದು, ಐದು ಗೆರೆಗಳದ್ದು ಉತ್ತರದ್ದು; ದಖ್ಖನ್ನಿನಲ್ಲಿ ಇವೆರಡರ ಸೀಮೆಗಳು ಒಂದರೊಳಗೊಂದು ಸೇರಿಕೊಂಡಿವೆ. ಸೇತುವೆ ಕಟ್ಟುವಾಗ ಮರಳು ಹೊತ್ತು ತಂದ ಅಳಿಲಿನ ಬೆನ್ನನ್ನು ರಾಮನು ಮೂರು ಬೆರಳಿನಿಂದ ನೇವರಿಸಿದ ಕಥೆ ವಾಲ್ಮೀಕಿಯಲ್ಲಿ ಇಲ್ಲದಿದ್ದರೂ ನಮ್ಮ ಜನಪದದಲ್ಲಿ ಗಟ್ಟಿಯಾಗಿ ಬೇರೂರಿದೆ. ಕಿಷ್ಕಿಂಧೆಯೆಂದು ನಂಬಲಾದ ಆನೆಗೊಂದಿ, ಅಂಜನಾದ್ರಿಯ ಸುತ್ತಿನಲ್ಲಿ ಕೇಳಬೇಕೇ? ಐದು ಗೆರೆಗಳ ಅಳಿಲನ್ನು ಎದುರಿಗೆ ತಂದಿಟ್ಟರೆ ಕಥೆ ಹೇಳುವವರು ಏನು ಮಾಡುತ್ತಾರೋ ಗೊತ್ತಿಲ್ಲ. ಆದರೆ ಆ ಕಥೆಯ ದೆಸೆಯಿಂದ ಅಳಿಲಿಗೆ ಕಲ್ಲೆಸೆಯಲು ಹಿಂಜರಿಯುವ ಮನಸ್ಸು ನಮ್ಮ ಜನರಲ್ಲಿ ಉಳಿದಿದ್ದರೆ, ವಿಜ್ಞಾನದ ಕಡೆಯಿಂದ ಅದಕ್ಕೆ ಯಾವ ತಕರಾರೂ ಇಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಅಳಿಲು ಬೀಜವನ್ನು ಹುಡುಕುವುದು ಮೂಗಿನಿಂದ, ಮತ್ತು ಆ ಮೂಗಿಗೆ ದಾರಿ ಮಾಡಿಕೊಡುವುದು ನಾವು ಹಾಕುವ ನೀರು. ಸ್ಟೀಫನ್ ವ್ಯಾಂಡರ್ ವಾಲ್ ಎಂಬ ಅಮೆರಿಕದ ಪರಿಸರ ವಿಜ್ಞಾನಿ, ಅಳಿಲಿನ ಕುಟುಂಬಕ್ಕೇ ಸೇರಿದ ಚಿಪ್‌ಮಂಕ್ ಹಾಗೂ ಕಾಡಿಲಿಗಳನ್ನಿಟ್ಟುಕೊಂಡು ನಡೆಸಿದ ಪ್ರಯೋಗಗಳನ್ನು 1998ರಲ್ಲಿ ಪ್ರಕಟಿಸಿದರು. ಒಣ ಮಣ್ಣಿನಲ್ಲಿ ಹೂತ ಒಣ ಬೀಜಗಳು ಅವುಗಳಿಗೆ ಬಹುಮಟ್ಟಿಗೆ ಸಿಗಲಿಲ್ಲ. ತೇವದ ಮಣ್ಣಿನಲ್ಲಿ, ಅದರಲ್ಲೂ ಬೀಜ ನೀರು ಹೀರಿಕೊಂಡಿದ್ದಾಗ, ಸಲೀಸಾಗಿ ಸಿಕ್ಕವು. ಪ್ರಯೋಗ ನಡೆದದ್ದು ನಮ್ಮ ಅಳಿಲಿನ ಮೇಲಲ್ಲ, ನಿಜ. ಆದರೆ ಇದರ ಹಿಂದಿರುವ ಭೌತಶಾಸ್ತ್ರ ಪ್ರಾಣಿಯನ್ನು ನೋಡಿ ಬದಲಾಗುವಂಥದ್ದಲ್ಲ.

ಆ ಭೌತಶಾಸ್ತ್ರ ಸೊಗಸಾಗಿದೆ. ಎರೆಮಣ್ಣಿನ ಜೇಡಿಯ ಕಣಗಳು ಅತಿ ಸೂಕ್ಷ್ಮ ಪದರಗಳಿಂದಾದವು, ಹಾಗಾಗಿ ಒಂದು ಹಿಡಿ ಮಣ್ಣಿನೊಳಗಿನ ಒಟ್ಟು ಮೇಲ್ಮೈ ನಮ್ಮ ಊಹೆಯನ್ನು ಮೀರಿದ್ದು. ಮಣ್ಣು ಒಣಗಿದ್ದಾಗ ಗಾಳಿಯಲ್ಲಿ ತೇಲಿ ಬರುವ ಹಾಗೂ ಬೀಜದಿಂದ ಹೊರಬರುವ ವಾಸನೆಯ ಅಣುಗಳು ಈ ಮೇಲ್ಮೈಗೆ ಅಂಟಿಕೊಂಡುಬಿಡುತ್ತವೆ, ಹೊರಗಿನ ಮೂಗನ್ನು ತಲುಪುವುದಿಲ್ಲ. ನೀರು ಬಿದ್ದೊಡನೆ ಲೆಕ್ಕ ಬದಲಾಗುತ್ತದೆ; ಜೇಡಿಯ ಮೇಲ್ಮೈಗೆ ಎಣ್ಣೆಯಂಶದ ಅಣುಗಳಿಗಿಂತ ನೀರಿನ ಅಣುವಿನ ಮೇಲೆ ಒಲವು ಹೆಚ್ಚು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನು ರಿಸರ್ವೇಶನ್ ಚೀಟಿ ಹಿಡಿದವನು ಬಂದೊಡನೆ ಎದ್ದು ನಿಲ್ಲಬೇಕಾಗುವಂತೆ, ವಾಸನೆಯ ಅಣುಗಳು ಜಾಗ ಬಿಟ್ಟು ಗಾಳಿಗೆ ಹೊರಡುತ್ತವೆ. ಮೊದಲ ಮಳೆಗೆ ಮೇಲೇಳುವ ಮಣ್ಣಿನ ಪರಿಮಳದ ಹಿಂದೆಯೂ ಇದೇ ಕ್ರಿಯೆಯಿದೆ. ಆಸ್ಟ್ರೇಲಿಯದ ಇಸಾಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ಇದನ್ನು ವಿವರಿಸಿ ಪೆಟ್ರಿಕೋರ್ ಎಂಬ ಹೆಸರಿಟ್ಟರು. ಅವರಿಗೆ ಬಹಳ ಮುಂಚೆಯೇ ಉತ್ತರ ಪ್ರದೇಶದ ಕನೌಜಿನ ಅತ್ತರಿನವರು ಸುಟ್ಟ ಮಣ್ಣಿನಿಂದ ಈ ಪರಿಮಳವನ್ನು ಇಳಿಸಿ ಶೀಸೆಗೆ ತುಂಬುತ್ತಿದ್ದರು.

ಬೀಜದ ಕಡೆಯಿಂದಲೂ ಹೀಗೆಯೇ. ನೀರು ಕುಡಿದ ಕೆಲವೇ ಗಂಟೆಗಳಲ್ಲಿ ಅದರೊಳಗಿನ ಕಿಣ್ವಗಳು ಎಚ್ಚೆತ್ತುಕೊಳ್ಳುತ್ತವೆ, ಉಸಿರಾಟ ಏರುತ್ತದೆ, ಇನ್ನೂ ಪೂರ್ತಿ ಕೂಡಿಕೊಳ್ಳದ ಕೋಶದ ಪೊರೆಗಳಿಂದ ಸಕ್ಕರೆಯೂ ಅಮೈನೊ ಆಮ್ಲಗಳೂ ಸೋರುತ್ತವೆ, ಎಥನಾಲ್ ಮತ್ತು ಅಸಿಟಾಲ್ಡಿಹೈಡ್‌ನಂತಹ ಬೇಗ ಆರಿಹೋಗುವ ವಸ್ತುಗಳು ಹೊರಬರುತ್ತವೆ. ಪಿಷ್ಟ ಸಕ್ಕರೆಯಾಗತೊಡಗುವುದು ಅದರ ಬೆನ್ನಿಗೆ, ಅಂದರೆ ಬೀಜ ತನ್ನ ಇರವನ್ನು ಸಾರಿದ ಮೇಲೆ ಅದು ಸಿಹಿಯಾಗುವ ಗಳಿಗೆಯೂ ದೂರವಿಲ್ಲ. ಸುತ್ತಲ ನೆಲವೆಲ್ಲ ಕಾದು ಬಿರುಕುಬಿಟ್ಟಿರುವ ಊರಿನಲ್ಲಿ ಮಾಳಿಗೆಯ ಮೇಲಿನ ಒಂದೇ ಒಂದು ಒದ್ದೆ ಕುಂಡ ಅಳಿಲಿನ ಮೂಗಿಗೆ ಎಷ್ಟು ಎದ್ದು ತೋರಬೇಡ!

ಇದನ್ನು ಒಪ್ಪಿದರೆ ಮಾಡಬೇಕಾದದ್ದು ತಾನಾಗಿ ಹೊಳೆಯುತ್ತದೆ. ಕುಂಡದ ಮೇಲ್ಮಣ್ಣು ಒಣಗಿದ್ದು ಕೆಳಗಿನ ಮಣ್ಣು ತೇವವಾಗಿರಬೇಕು. ಮೇಲಿನಿಂದ ನೀರು ಸುರಿಯುವ ಬದಲು ತಳದ ತಟ್ಟೆಗೆ ಹಾಕಿದರೆ ಮಣ್ಣು ಬೇಕಾದಷ್ಟನ್ನು ಕೆಳಗಿನಿಂದ ಹೀರಿಕೊಳ್ಳುತ್ತದೆ. ಎರೆಮಣ್ಣು ಹೆಚ್ಚಿದ್ದರೆ ನೀರು ನಿಂತು ಬೇರು ಕೊಳೆಯುವುದರಿಂದ ಮಸಾರಿ ಮಣ್ಣನ್ನೋ ಮರಳನ್ನೋ ಬೆರೆಸಿಕೊಳ್ಳಬೇಕು. ಮೇಲೆ ಒಂದಿಂಚು ಸಣ್ಣ ಜಲ್ಲಿಕಲ್ಲು ಹರಡುವುದು ನನಗೆ ಬಹಳ ಮೆಚ್ಚುಗೆಯಾದ ಉಪಾಯ, ಏಕೆಂದರೆ ಕಲ್ಲಿನ ಪದರ ಬೇಗ ಒಣಗುತ್ತದೆ, ಕೆಳಗಿನ ತೇವ ಆರದಂತೆ ತಡೆಯುತ್ತದೆ, ಪುಟ್ಟ ಮುಂಗಾಲುಗಳಿಗೆ ಕೆದಕಲೂ ಕಷ್ಟ. ಸಾಧ್ಯವಿದ್ದವರು ಬೀಜವನ್ನು ಮನೆಯೊಳಗೇ ಮೊಳಕೆ ಕಟ್ಟಿಸಿ, ಬೀಜದಳಗಳು ಸೊರಗಿ ನಿಜವಾದ ಎಲೆಗಳು ಬಂದ ಮೇಲೆ ಹೊರಗಿಡಲಿ. ಆ ಹೊತ್ತಿಗೆ ದಳದ ಸಿಹಿ ಸಸಿಯ ಮೈಗೆ ಸೇರಿಹೋಗಿರುತ್ತದೆ, ಅಳಿಲಿಗೆ ಅಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಗೊಬ್ಬರದ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕು. ಶೇಂಗಾ ಹಿಂಡಿ ಅಗ್ಗವೂ ಒಳ್ಳೆಯದೂ ಆದ ಗೊಬ್ಬರವೇ ಸರಿ, ಆದರೆ ಶೇಂಗಾಕ್ಕಾಗಿ ಪ್ರಾಣ ಬಿಡುವ ಪ್ರಾಣಿಯಿರುವ ಮಾಳಿಗೆಯಲ್ಲಿ ಅದನ್ನು ಕುಂಡಕ್ಕೆ ಬೆರೆಸಿ ನೀರು ಹಾಕುವುದೆಂದರೆ ಊಟಕ್ಕೆ ಕರೆದಂತೆಯೇ. ಸಸಿ ಬಲಿಯುವವರೆಗೆ ಬೇವಿನ ಹಿಂಡಿ ಬಳಸಿ.

ವಾಸನೆ ಅಡಗಿಸಿದರೂ ಅಳಿಲು ಪೂರ್ತಿ ಸುಮ್ಮನಾಗುವುದಿಲ್ಲ, ಅದಕ್ಕೆ ಕಣ್ಣೂ ಇದೆ, ನೆನಪೂ ಇದೆ. ಕಡೆಗೂ ನಂಬಬಹುದಾದದ್ದು ತಂತಿಯ ಜಾಲರಿ ಒಂದೇ, ಪ್ಲಾಸ್ಟಿಕ್ಕಿನದಲ್ಲ. ಇಲಿ, ಅಳಿಲಿನಂತಹ ದಂಶಕಗಳ ಬಾಚಿಹಲ್ಲುಗಳ ಮುಂಬದಿಗೆ ಮಾತ್ರ ಗಟ್ಟಿ ಎನಾಮೆಲ್ ಇದ್ದು, ಹಿಂಬದಿಯ ಮೆತ್ತನೆಯ ದಂತದ್ರವ್ಯ ಬೇಗ ಸವೆಯುವುದರಿಂದ ಅಂಚು ತನ್ನಷ್ಟಕ್ಕೆ ಚೂಪಾಗುತ್ತಲೇ ಇರುತ್ತದೆ. ಹಸಿರು ಶೇಡ್ ನೆಟ್ ಅದಕ್ಕೆ ಲೆಕ್ಕವಲ್ಲ. ಹಲ್ಲು ಜೀವಮಾನವಿಡೀ ಬೆಳೆಯುವುದರಿಂದ ಅದಕ್ಕೆ ಕಡಿಯಲು ಒಂದು ಕಟ್ಟಿಗೆ ಇಟ್ಟರೆ ಗಿಡ ಬಿಡುತ್ತದೆ ಎನ್ನುವವರಿದ್ದಾರೆ. ಮೇಲಿನ ಹಲ್ಲು ಕೆಳಗಿನದಕ್ಕೆ ಉಜ್ಜಿಯೇ ಸಾಕಷ್ಟು ಸವೆಯುತ್ತದೆ, ಅಳಿಲು ನಿಮ್ಮ ಅವರೆ ಸಸಿಗೆ ಬಂದದ್ದು ಹಲ್ಲು ಅರೆಯಲಿಕ್ಕಲ್ಲ. ಅರ್ಧ ಇಂಚು ಕಣ್ಣಿನ, ಸತುವಿನ ಲೇಪವಿರುವ ವೆಲ್ಡೆಡ್ ಮೆಶ್ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಒಂದಿಂಚಿನ ಕೋಳಿ ಜಾಲರಿಯಲ್ಲಿ ಮರಿ ಅಳಿಲು ನುಸುಳೀತು. ಒಂದು ಗೇಣು ಎತ್ತರದ ಕೊಳವೆಯಾಗಿ ಸುತ್ತಿ, ಮೇಲೆ ಮುಚ್ಚಳದಂತೆ ಮಡಚಿ, ಕತ್ತರಿಸಿದ ತಂತಿಯ ತುದಿಗಳನ್ನು ಒಳಕ್ಕೆ ಬಗ್ಗಿಸಿ, ಕೆಳಗಿನ ಎರಡು ಇಂಚನ್ನು ಮಣ್ಣಿಗೆ ಇಳಿಸಿ, ಕುಂಡದ ಕಂಠಕ್ಕೆ ತಂತಿಯಿಂದ ಬಿಗಿಯಬೇಕು. ಎಲೆ ಜಾಲರಿಗೆ ತಾಗಬಾರದು, ನಮ್ಮ ಬಿಸಿಲಿಗೆ ಕಾದ ಕಬ್ಬಿಣ ಎಳೆಯ ಎಲೆಯನ್ನು ಸುಟ್ಟುಬಿಡುತ್ತದೆ. ಖರ್ಚು ಬೇಡವೆನ್ನುವವರು ಬಿದಿರಿನ ಪುಟ್ಟಿಯನ್ನು ಬೋರಲು ಹಾಕಿ ಮೇಲೊಂದು ಕಲ್ಲಿಡಬಹುದು, ಅಥವಾ ಎಲ್ಲೆಂದರಲ್ಲಿ ಬೆಳೆದಿರುವ ಬಳ್ಳಾರಿ ಜಾಲಿಯ ಮುಳ್ಳಿನ ಕಡ್ಡಿಗಳನ್ನು ಸಸಿಯ ಸುತ್ತ ಒತ್ತಾಗಿ ನೆಡಬಹುದು.

ಮೆಣಸಿನಪುಡಿಯ ಸಲಹೆಯನ್ನು ನುಸಿಗುಳಿಗೆಯ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ, ಅದರಲ್ಲಿ ನಿಜವಾದ ವಿಜ್ಞಾನವಿದೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಸಸ್ತನಿಗಳ ನರತುದಿಯಲ್ಲಿ ಬಿಸಿಯನ್ನು ಗುರುತಿಸುವ ಟಿಆರ್‌ಪಿವಿ1 ಎಂಬ ಪ್ರೋಟೀನನ್ನು ಕೆರಳಿಸುತ್ತದೆ. ಖಾರ ತಿಂದಾಗ ಬಾಯಿ ಸುಟ್ಟಂತಾಗುವುದು ಅದಕ್ಕೇ. 1997ರಲ್ಲಿ ಇದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಹಕ್ಕಿಗಳಲ್ಲಿಯೂ ಈ ಪ್ರೋಟೀನ್ ಇದೆ, ಆದರೆ ಅದು ಕ್ಯಾಪ್ಸೈಸಿನ್‌ಗೆ ಜಗ್ಗುವುದಿಲ್ಲ. ಮೆಣಸಿನಕಾಯಿಯ ತವರಾದ ಅಮೆರಿಕ ಖಂಡದಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದರ ಮರ್ಮವನ್ನು ತೋರಿಸಿತು: ಬೀಜವನ್ನು ಜಗಿದು ನುಚ್ಚು ಮಾಡುವ ದಂಶಕಗಳು ಖಾರಕ್ಕೆ ಹೆದರಿ ದೂರ ಉಳಿಯುತ್ತವೆ, ಇಡಿಯಾಗಿ ನುಂಗಿ ದೂರ ಹೋಗಿ ಹಿಕ್ಕೆ ಹಾಕುವ ಹಕ್ಕಿಗಳು ನಿಶ್ಚಿಂತೆಯಿಂದ ತಿನ್ನುತ್ತವೆ. ಮೆಣಸಿನ ಗಿಡ ತನ್ನ ಬೀಜ ಯಾರ ಬಾಯಿಗೆ ಬೀಳಬೇಕೆಂಬುದನ್ನು ಹೀಗೆ ಆರಿಸಿಕೊಂಡಿದೆ. ಮೆಣಸಿನ ಹೊಲಕ್ಕೆ ಗಿಳಿಗಳು ಹಿಂಡುಹಿಂಡಾಗಿ ಇಳಿಯುವುದನ್ನು ಕಂಡ ರೈತರಿಗೆ ಇದು ಹೊಸ ಸಂಗತಿಯೇನಲ್ಲ.

ಹಾಗಿದ್ದೂ ಮೆಣಸಿನಪುಡಿ ಉದುರಿಸಿದವರು ಸೋಲುವುದೇಕೆ? ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಬೆಳೆದು ಬ್ಯಾಡಗಿಯ ಮಾರುಕಟ್ಟೆಗೆ ಹೋಗುವ ಬ್ಯಾಡಗಿ ತಳಿಯ ಹೆಚ್ಚುಗಾರಿಕೆ ಬಣ್ಣದಲ್ಲಿದೆ, ಖಾರ ಕಡಿಮೆ. ಅದನ್ನು ಕುಂಡಕ್ಕೆ ಹಾಕಿದರೆ ಮಣ್ಣು ಕೆಂಪಗಾದೀತು, ಅಷ್ಟೆ. ಗುಂಟೂರಿನದೇ ಆಗಬೇಕು. ಎರಡನೆಯದಾಗಿ, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಪುಡಿಯನ್ನು ಚಮಚ ಎಣ್ಣೆಯಲ್ಲಿ ನೆನೆಸಿ, ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪಿನ ದ್ರವ ಸೇರಿಸಿ, ನೀರಿಗೆ ಕದಡಿ, ಸೋಸಿ ಸಿಂಪಡಿಸಬೇಕು. ಎಲೆಯ ಮೇಲಲ್ಲ, ಕುಂಡದ ಅಂಚಿಗೆ ಮತ್ತು ಜಾಲರಿಗೆ. ಎಣ್ಣೆ ಮೆತ್ತಿದ ಎಳೆ ಎಲೆ ಬಿಸಿಲಿಗೆ ಬಾಡುತ್ತದೆ. ಮಳೆ ಬಂದರೆ ಮತ್ತೆ ಸಿಂಪಡಿಸಬೇಕು. ಒಣಪುಡಿ ಗಾಳಿಗೆ ಹಾರಿ ಮಕ್ಕಳ ಕಣ್ಣಿಗೆ ಬಿದ್ದೀತು.

ಉಳಿದ ಉಪಾಯಗಳ ಬಗ್ಗೆ ಬಹಳ ಹೇಳುವಂಥದ್ದಿಲ್ಲ. ರಬ್ಬರ್ ಹಾವಿಗೂ ಸಿ.ಡಿ.ಗೂ ಅಳಿಲು ಕೆಲವು ದಿನ ಅಂಜುತ್ತದೆ. ಅಲುಗದ, ಅಟ್ಟಿಸಿಕೊಂಡು ಬಾರದ ವಸ್ತುವಿಗೆ ಒಗ್ಗಿಕೊಂಡ ಮೇಲೆ ಅದರ ಮೇಲೆಯೇ ಹತ್ತಿ ಕೂರುತ್ತದೆ. ನುಸಿಗುಳಿಗೆಯ ನ್ಯಾಫ್ತಲೀನ್ ವಿಷ, ಬಾಯಿಗೆ ಹಾಕಿಕೊಂಡ ಮಗುವಿನ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು, ತರಕಾರಿಯ ಕುಂಡದಲ್ಲಿ ಅದಕ್ಕೆ ಜಾಗವಿಲ್ಲ. ಇಲಿಪಾಷಾಣವನ್ನಂತೂ ಇಡಲೇಬೇಡಿ, ಅದನ್ನು ತಿಂದ ಪ್ರಾಣಿಯನ್ನು ತಿಂದ ಗೂಬೆ, ಬೆಕ್ಕುಗಳೂ ಸಾಯಬಹುದು, ಇಲಿ ಹಿಡಿಯುವವರು ಅವರೇ.

ಬೇಸಿಗೆಯ ಹಾನಿಗೆ ಮಾತ್ರ ಕಾರಣ ಬೇರೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಅಳಿಲು ಮೊಗ್ಗು, ಚಿಗುರು, ರಸವಿರುವ ಕಾಂಡವನ್ನು ಕಡಿಯುವುದು ಎಷ್ಟೋ ಸಲ ನೀರಡಿಕೆಗೆ. ಮಾಳಿಗೆಯ ಇನ್ನೊಂದು ಮೂಲೆಯಲ್ಲಿ, ನೆರಳಿನಲ್ಲಿ, ಅಗಲವಾದ ಮಣ್ಣಿನ ಬಟ್ಟಲಿಗೆ ನೀರು ತುಂಬಿಟ್ಟರೆ ಗಿಡಗಳ ಮೇಲಿನ ಒತ್ತಡ ತಗ್ಗುತ್ತದೆ. ಕಾಳು ಹಾಕಬೇಡಿ, ಅಳಿಲುಗಳ ಸಂಖ್ಯೆ ಏರುತ್ತದೆ. ತೆಂಗಿನ ನಾರಿನ ತೂಗುಕುಂಡ ಇದ್ದವರು ನಾರು ದಿನೇದಿನೇ ಕಡಿಮೆಯಾಗುವುದನ್ನು ಕಂಡಿರಬಹುದು. ಅದು ಆಹಾರಕ್ಕಲ್ಲ, ಗೂಡಿಗೆ. ಅಲ್ಲಿ ಖಾರವೂ ಜಲ್ಲಿಯೂ ಉಪಯೋಗಕ್ಕೆ ಬರುವುದಿಲ್ಲ. ಕುಂಡದ ಹೊರಮೈಗೆ ಅದೇ ಅರ್ಧ ಇಂಚಿನ ಜಾಲರಿಯನ್ನು ಸುತ್ತಿ, ಹಳೆಯ ನಾರಿನ ಒಂದು ಹಿಡಿಯನ್ನು ಬಿಡಿಯಾಗಿ ಹತ್ತಿರದ ಕೊಂಬೆಗೆ ಸಿಕ್ಕಿಸಿದರೆ ಅಳಿಲು ಸುಲಭವಾಗಿ ಸಿಕ್ಕದ್ದನ್ನೇ ಒಯ್ಯುತ್ತದೆ.